ನೊರೆ ಮೇಷ್ಟ್ರ ಮೂಗು

ಮೇ ತಿಂಗಳ ಕೊನೆಯ ಬುಧವಾರ, ಬೆಳಗ್ಗೆ ಎಂಟು ಗಂಟೆ. ಸ್ಥಳ, ಕಳಸದಿಂದ ಜೀಪಿನಲ್ಲಿ ಕಾಲು ಗಂಟೆ ದೂರದ ಒಂದು ಸಣ್ಣ ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡು. ಹಾಜರಿದ್ದವರು ನಾಲ್ವರು: ತೋಟದ ಯಜಮಾನರು, ಅವರ ಮೇಸ್ತ್ರಿ ಸುಂದರ, ಕೆಲಸದ ಗುಲಾಬಿ, ಮತ್ತು ಹಿಂದಿನ ದಿನ ಜಾವಳಿಯಿಂದ ಬಂದು ಅವರ ಮನೆಯಲ್ಲಿ ಉಳಿದಿದ್ದ ನಾನು. ಮಳೆಗಾಲ ಹಿಡಿಯುವ ಮುಂಚೆ ಗಿಡಗಳಿಗೆ ಕೊಳೆರೋಗದ ಔಷಧಿಯಾದ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕಿತ್ತು. ತಾಮ್ರದ ನೀಲಿ ಉಪ್ಪಾದ ಮೈಲುತುತ್ತವನ್ನು ರಾತ್ರಿಯೇ ನೀರಿನಲ್ಲಿ ಕರಗಿಸಿಟ್ಟಿದ್ದೆವು. ಸುಣ್ಣದ ನೀರು ಬೇರೆ ಪಾತ್ರೆಯಲ್ಲಿ ಸಿದ್ಧವಿತ್ತು. ಹೊರಗೆ ತುಂತುರು. ಅದು ನಿಲ್ಲುವುದರೊಳಗೆ ಎರಡನ್ನೂ ಬೆರೆಸಿಡುವುದೆಂದು ಶೆಡ್ಡಿನೊಳಗೆ ಸೇರಿದ್ದೆವು. ಇರಿಚಲು ಒಳಗೆ ಬರುತ್ತದೆಂದು ಶಟರನ್ನು ಮೊಣಕಾಲಿನ ತನಕ ಇಳಿಸಿದ್ದೆವು.

ಆ ಯಜಮಾನರು ಈಗಿಲ್ಲ. ಈ ವರ್ಷದ ಕೊಯ್ಲು ಮುಗಿಯುವ ಹೊತ್ತಿಗೆ ನಿದ್ರೆಯಲ್ಲೇ ಹೋದರು. ಅವರ ನೆನಪಿಗೆ ಸೇರಿದ ಸಭೆಗೆ ಅವರು ಮೊದಲು ದುಡಿದ ಗಣಿಯ ಹಳೆಯ ಸಹೋದ್ಯೋಗಿಗಳು ಬಂದಿದ್ದರು. ಮಾತಾಡಿದವರೆಲ್ಲ ಅವರ ಮೂಗನ್ನು ಹೊಗಳಿದರು. 'ಅಂಥ ಮೂಗು ಇನ್ನು ಹುಟ್ಟೋದಿಲ್ಲ' ಎಂದರು ಒಬ್ಬರು. ನನ್ನ ಸರದಿ ಬಂದಾಗ ಕೈ ಮುಗಿದು ಕುಳಿತುಬಿಟ್ಟೆ. ಆ ಮೂಗಿನ ವಿಷಯ ಹೇಳಬೇಕಾದರೆ ಆ ಬುಧವಾರವನ್ನು ಹೇಳಬೇಕು. ಅದು ಹಾರ ಹಾಕಿದ ಫೋಟೋದ ಮುಂದೆ ನಿಂತು ಐದು ನಿಮಿಷದಲ್ಲಿ ಹೇಳುವ ಮಾತಲ್ಲ. ಆ ದಿನದ ಬೆಚ್ಚು ಇನ್ನೂ ನನ್ನನ್ನು ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬಯಲುಸೀಮೆಯ ತಾಮ್ರದ ಗಣಿಯೊಂದರಲ್ಲಿ ಅದಿರನ್ನು ಅರೆದು ತಾಮ್ರ ಬೇರ್ಪಡಿಸುವ ಕಾರ್ಖಾನೆಗೆ ಅವರು ಮುಖ್ಯಸ್ಥರು. ನಾನು ಅವರ ಕೈಕೆಳಗೆ ಶಿಫ್ಟ್ ಮೇಲ್ವಿಚಾರಕ. ಇಬ್ಬರೂ ಈ ಬೆಟ್ಟಗಳ ಕಡೆಯವರು ಎಂಬುದೇ ಮೊದಲ ಸಲಿಗೆ. ಅಲ್ಲಿ ಅವರನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನೊರೆ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುವ ನೌಕರಿ ಅವರದಲ್ಲ. ಆದರೆ ಹೊಸಬರು ಬಂದರೆ ಕೈಗೆ ಕೆಲಸ ಕೊಡದೆ, ನೊರೆ ಉಕ್ಕುವ ತೊಟ್ಟಿಯ ಮುಂದೆ ನಿಲ್ಲಿಸಿ ಊಟದ ಹೊತ್ತಿನವರೆಗೂ ಸುಮ್ಮನೆ ನೋಡಲು ಹೇಳುತ್ತಿದ್ದರು. ಊಟಕ್ಕೆ ಬಂದಾಗ ಒಂದೇ ಪ್ರಶ್ನೆ.

"ಎಂತ ಕಂಡಿತು?"

"ನೊರೆ ಸಾರ್."

"ಅದು ಹೊರಗಿಂದ ನೋಡೋರಿಗೂ ಕಾಣ್ತದೆ ಮಾರಾಯ. ಮಧ್ಯಾಹ್ನನೂ ಅಲ್ಲೇ ನಿಲ್ಲು."

ನಾನೂ ಹಾಗೆ ನಿಂತವನೇ. ಸಂಜೆಯ ಹೊತ್ತಿಗೆ ಗುಳ್ಳೆಯ ಗಾತ್ರ, ಅದರ ಹೊಳಪು, ಅದು ಒಡೆಯುವ ರೀತಿ ಇವು ಬೇರೆ ಬೇರೆಯಾಗಿ ಕಾಣತೊಡಗಿದ್ದವು.

ಗಣಿಯ ಮೇಲ್ಪದರದ ಅದಿರೇ ಅಲ್ಲಿನ ದೊಡ್ಡ ತಲೆನೋವು. ಆಳದ ಅದಿರಿನಲ್ಲಿ ತಾಮ್ರ ಗಂಧಕದ ಜೊತೆ ಕೂಡಿರುತ್ತದೆ. ಅರೆದು, ನೀರಿಗೆ ಹಾಕಿ, ಮದ್ದು ಬೆರೆಸಿ ಗಾಳಿ ಊದಿದರೆ ಆ ಕಣಗಳು ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತವೆ. ನೊರೆಯನ್ನು ಕೆನೆ ತೆಗೆದಂತೆ ತೆಗೆದರಾಯಿತು. ಮೇಲ್ಪದರದ ಅದಿರು ಹಾಗಲ್ಲ. ಮಳೆ ಗಾಳಿ ತಿಂದು ಆಕ್ಸೈಡ್ ಆಗಿರುತ್ತದೆ. ಹಸಿರು ಕಲ್ಲು, ನೋಡಲು ಚಂದ. ಗುಳ್ಳೆಗೆ ಮಾತ್ರ ಅಂಟುವುದಿಲ್ಲ. ನೀರಿನಲ್ಲೇ ಉಳಿದು ಕಸದ ಜೊತೆ ಹರಿದುಹೋಗುತ್ತದೆ. ಅದಕ್ಕೆ ಸೋಡಿಯಂ ಸಲ್ಫೈಡ್ ಕೊಡಬೇಕು. ಆಗ ಹಸಿರು ಕಣದ ಮೈಮೇಲೆ ಸಲ್ಫೈಡಿನ ತೆಳ್ಳನೆಯ ಕಪ್ಪು ಪದರ ಕೂರುತ್ತದೆ. ಒಳಗೆ ಏನೇ ಇರಲಿ, ಗುಳ್ಳೆಗೆ ಆ ಪದರ ಸಾಕು. ಹಿಡಿದು ಮೇಲಕ್ಕೆ ತರುತ್ತದೆ.

"ಹಸಿರು ಹುಡುಗನಿಗೆ ಕಪ್ಪು ಕೋಟು ಹಾಕ್ಸಿ ಮದುವೆ ಮನೆಗೆ ಕಳಿಸೋದು, ಅಷ್ಟೇ" ಎನ್ನುತ್ತಿದ್ದರು ಮೇಷ್ಟ್ರು. "ಕೋಟು ದಪ್ಪ ಆಯ್ತೋ, ಬಾಗಿಲಲ್ಲೇ ನಿಲ್ಲಿಸ್ತಾರೆ."

ಕೋಟು ದಪ್ಪವಾಗುವುದೆಂದರೆ ಸಲ್ಫೈಡ್ ಹೆಚ್ಚಾಗುವುದು. ಹೆಚ್ಚಾದರೆ ನೊರೆಯೇ ಸತ್ತುಹೋಗುತ್ತದೆ; ಒಳ್ಳೆಯ ಕಣವೂ ಮೇಲೆ ಬರುವುದಿಲ್ಲ. ಆದ್ದರಿಂದ ಒಂದೇ ಸಲ ಸುರಿಯಬಾರದು. ಪಂಕ್ತಿಯಲ್ಲಿ ಹುಳಿ ಬಡಿಸಿದ ಹಾಗೆ ಸುತ್ತು ಸುತ್ತಾಗಿ ಕೊಡಬೇಕು ಎಂಬುದು ಅವರ ಕಟ್ಟಪ್ಪಣೆ. ಇನ್ನೊಂದು ಕಟ್ಟಪ್ಪಣೆ ಆಸಿಡ್ಡಿನದು. ಸಲ್ಫೈಡ್ ಇರುವ ತೊಟ್ಟಿಗೆ ಹುಳಿಯಾದ ಏನು ಬಿದ್ದರೂ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಏಳುತ್ತದೆ. ಸ್ವಲ್ಪವಿದ್ದಾಗ ವಾಸನೆ ಬರುತ್ತದೆ. ಜಾಸ್ತಿಯಾದರೆ ಮೂಗೇ ಕೆಲಸ ನಿಲ್ಲಿಸುತ್ತದೆ. ಆಮೇಲೆ ಮನುಷ್ಯ ಬೀಳುತ್ತಾನೆ. "ವಾಸನೆ ಬಂದ್ರೆ ಹೆದರ್ಬೇಡಿ. ಬರ್ತಾ ಇದ್ದದ್ದು ನಿಂತ್ರೆ ಓಡಿ" ಎಂದು ಪ್ರತಿ ಸೋಮವಾರ ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳುತ್ತಿದ್ದರು. ಬಾಯಿಪಾಠ ಒಪ್ಪಿಸುವ ಮಕ್ಕಳಂತೆ ನಾವೂ ತಿರುಗಿ ಹೇಳಬೇಕಿತ್ತು.

ದಿನಕ್ಕೆರಡು ಸಲ ಅವರು ಸುತ್ತು ಬರುತ್ತಿದ್ದರು. ತೊಟ್ಟಿಯ ಮುಚ್ಚಳ ಎತ್ತುವುದು, ಕನ್ನಡಕ ತೆಗೆದು ಜೇಬಿಗಿಡುವುದು, ಕಣ್ಣು ಮುಚ್ಚಿ ನಿಧಾನವಾಗಿ ಒಂದು ಉಸಿರು ಎಳೆಯುವುದು. ಆಮೇಲೆ ತಿರುಗಿ ನಮ್ಮ ಕಡೆ ನೋಡಿ ಒಂದು ಗಳಿಗೆ ಸುಮ್ಮನಿರುವುದು. ಕೊನೆಗೆ ತೀರ್ಪು. "ಸ್ವಲ್ಪ ಕಮ್ಮಿ ಮಾಡಿ." ಅಥವಾ, "ಸರಿ ಉಂಟು, ನಡೀಲಿ." ನಾನು ನೋಡಿದಂತೆ ಒಂದು ಸಲವೂ ತಪ್ಪಿದ್ದಿಲ್ಲ. ಸಲ್ಫೈಡ್ ಅಳೆಯುವ ಕಡ್ಡಿ ಬಂತು. ಅದಕ್ಕೆ ಕಸ ಹಿಡಿದು ಸುಳ್ಳು ಹೇಳುತ್ತಿತ್ತು. ಗೋಡೆಗೆ ಅನಿಲದ ಅಲಾರಂ ಬಂತು. ಆಮೇಲೂ ಹುಡುಗರು ಅಲಾರಂ ನೋಡುತ್ತಿರಲಿಲ್ಲ, ಮೇಷ್ಟ್ರ ಮುಖ ನೋಡುತ್ತಿದ್ದರು. ನಾನೂ ಅಷ್ಟೆ. ಅವರು ಸರಿ ಎಂದರೆ ನಾನು ರಿಜಿಸ್ಟರಿನಲ್ಲಿ ಸರಿ ಎಂದು ಬರೆದು ಸಹಿ ಹಾಕುತ್ತಿದ್ದೆ.

ನಿವೃತ್ತರಾಗಿ ಅವರು ಕಳಸದ ಕಡೆ ಬಂದರು. ನಾನು ಜಾವಳಿಗೆ ಬಂದೆ. ತಿಂಗಳಿಗೊಮ್ಮೆ ಅವರಲ್ಲಿಗೆ ಹೋಗುವುದು ನನ್ನ ನಿಯಮ. ತೋಟಗಾರಿಕೆಯಲ್ಲಿಯೂ ಅವರು ಕಾರ್ಖಾನೆಯವರೇ. ಮೈಲುತುತ್ತದ ಹರಳನ್ನು ಅಂಗೈಯಲ್ಲಿಟ್ಟುಕೊಂಡು, "ನೋಡು, ನಾವು ನೊರೆಯಲ್ಲಿ ಎತ್ತಿದ ಹುಡುಗ ನೀಲಿ ಅಂಗಿ ಹಾಕ್ಕೊಂಡು ನಮ್ಮನೆಗೇ ಬಂದಿದಾನೆ" ಎಂದು ನಗುತ್ತಿದ್ದರು. ಕಾಫಿ ಹೂ ಬಿಟ್ಟ ದಿನಗಳಲ್ಲಿ ಬಂದವರೆಲ್ಲ ಘಮದ ಮಾತಾಡಿದರೆ, ಇವರು ಹೂವಿನ ಗೊಂಚಲು ತಿರುಗಿಸಿ ನೋಡಿ ಕಾಯಿ ಎಷ್ಟು ಕಚ್ಚಬಹುದೆಂದು ಹೇಳುತ್ತಿದ್ದರು. ಒಂದು ಸಲ ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದೆವು. ನನಗೆ ಶೀತವಾಗಿ ಮೂಗು ಕಟ್ಟಿತ್ತು. ಅವರ ಮನೆಯವರು ಹಿತ್ತಲಿನಿಂದ ಓಡಿಬಂದರು.

"ಅಯ್ಯೋ, ಹಾಲು ಸೀದು ಕರಕಲಾಯ್ತಲ್ಲ! ಇಬ್ಬರು ಗಂಡಸರು ಇಲ್ಲೇ ಕೂತಿದೀರಿ!"

"ನಾವು ಗಂಭೀರ ವಿಷಯ ಮಾತಾಡ್ತಿದ್ವಿ ಮಾರಾಯ್ತಿ" ಎಂದರು ಮೇಷ್ಟ್ರು.

"ನಿಮಗೆ ಮನೆ ಸುಟ್ಟರೂ ಗಂಭೀರ ವಿಷಯವೇ" ಎಂದು ಆಕೆ ಪಾತ್ರೆ ಇಳಿಸಿದರು. ಆಕೆಯ ಮುಖದಲ್ಲಿ ನಗುವಿರಲಿಲ್ಲ. ನಾನು ಮಾತ್ರ ನಕ್ಕಿದ್ದೆ.

ಇನ್ನು ಆ ಬುಧವಾರ. ಔಷಧಿ ಹೊಡೆಯುವ ದಿನ ಎಲ್ಲರೂ ಮೂಗು ಬಾಯಿಗೆ ಬೈರಾಸು ಸುತ್ತಿಕೊಳ್ಳಬೇಕೆಂದು ಕಟ್ಟುನಿಟ್ಟು ಮಾಡಿದವನು ನಾನು. ಮೇಷ್ಟ್ರು ಹೆಗಲ ಮೇಲೆ ಹಾಕಿಕೊಂಡಿದ್ದರು; ಸುಂದರ, ಗುಲಾಬಿ, ನಾನು ಮೂವರೂ ಸುತ್ತಿಕೊಂಡಿದ್ದೆವು. ನಮ್ಮ ಮುಖದಲ್ಲಿ ಕಣ್ಣೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬೆರೆಸಲು ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಪಕ್ಕದ ತೋಟದವರು ಎರವಲು ಒಯ್ದು ಹಿಂದಿನ ಸಂಜೆಯಷ್ಟೇ ತಂದಿಟ್ಟು ಹೋಗಿದ್ದರು. ಅವರು ಕಿತ್ತಳೆ ಗಿಡಗಳಿಗೆ ಹೊಡೆಯಲು ಅದರಲ್ಲಿ ಸುಣ್ಣ ಮತ್ತು ಗಂಧಕ ಸೇರಿಸಿ ಕಾಯಿಸಿದ ದ್ರಾವಣ ತುಂಬಿಟ್ಟಿದ್ದರು. ಅದರ ಉಳಿಕೆ ಮೊಳದಷ್ಟು ತಳದಲ್ಲಿ ಹಾಗೇ ಇತ್ತು. ನಮಗದು ಗೊತ್ತಿರಲಿಲ್ಲ. ಗೊತ್ತಾಗಬೇಕಿದ್ದದ್ದು ಮೂಗಿನಿಂದ. ಸುಣ್ಣ-ಗಂಧಕದ ವಾಸನೆ ಮುಚ್ಚಳ ಸಡಿಲಿಸಿದರೆ ಸಾಕು, ಹೊಡೆಯುತ್ತದೆ.

ಸುಂದರ ಮುಚ್ಚಳ ತೆಗೆದ. "ಮೇಷ್ಟ್ರೇ, ತಳದಲ್ಲಿ ಎಂತದೋ ನೀರು ಉಂಟು. ನೋಡ್ತೀರಾ?"

ಮೇಷ್ಟ್ರು ಬಂದರು. ಕನ್ನಡಕ ತೆಗೆದು ಜೇಬಿಗಿಟ್ಟರು. ಬಗ್ಗಿ, ಕಣ್ಣು ಮುಚ್ಚಿ ಒಂದು ಉಸಿರು ಎಳೆದರು. ತಿರುಗಿ ನಮ್ಮ ಮೂವರನ್ನೂ ನೋಡಿದರು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಏನಿಲ್ಲ. ಹಳೆ ಸುಣ್ಣದ ನೀರು. ಸುರೀರಿ" ಎಂದರು.

ಸುಂದರ ಮೈಲುತುತ್ತದ ನೀರನ್ನು ಸುರಿದ. ಗುಲಾಬಿ ಉದ್ದನೆಯ ಬಿದಿರು ಕೋಲಿನಿಂದ ಕಲಕತೊಡಗಿದಳು. ಮೈಲುತುತ್ತದ ನೀರು ಹುಳಿ. ಅದು ಗಂಧಕದ ಉಳಿಕೆಯ ಮೇಲೆ ಬಿದ್ದದ್ದೇ ಡ್ರಮ್ಮಿನೊಳಗಿಂದ ನೊರೆ ಏರಿ ಬಂತು. ನೀಲಿಯೂ ಅಲ್ಲ, ಬಿಳಿಯೂ ಅಲ್ಲ. ಹೊಳೆಯುವ ಕಪ್ಪು ನೊರೆ.

ಆಗ ನಾನು ಕಂಡದ್ದನ್ನು ಬರೆಯದೆ ವಿಧಿಯಿಲ್ಲ. ಮೇಷ್ಟ್ರ ಮುಖ ಅರಳಿತು. ವರ್ಷಗಟ್ಟಲೆ ನೋಡದಿದ್ದ ಮಗುವನ್ನು ನೋಡಿದವರಂತೆ ಡ್ರಮ್ಮಿನ ಮೇಲೆ ಬಗ್ಗಿದರು. ಅವರ ಪಕ್ಕದಲ್ಲಿ ಗುಲಾಬಿಯ ಕೈಯಿಂದ ಕೋಲು ಜಾರಿತು. ಸದ್ದಿಲ್ಲದೆ ಕುಸಿದಳು.

ಸುಂದರ ಕೆಮ್ಮುತ್ತಾ ಶಟರಿನ ಕಡೆ ಓಡಿದ. ನನಗೆ ಕಣ್ಣು ಉರಿ, ಗಂಟಲಲ್ಲಿ ಚೂರಿ ಆಡಿಸಿದಂತೆ. ಉಸಿರು ಬಿಗಿಹಿಡಿದು ಗುಲಾಬಿಯ ಎರಡು ತೋಳು ಹಿಡಿದು ಎಳೆದೆ. ಸುಂದರ ಶಟರ್ ಎತ್ತಿದ. ಇಬ್ಬರೂ ಸೇರಿ ಅವಳನ್ನು ಕಾಫಿ ಒಣಗಿಸುವ ಕಣದ ಮೇಲೆ, ತುಂತುರಿಗೇ ಮಲಗಿಸಿದೆವು. ತಿರುಗಿ ನೋಡಿದರೆ ಮೇಷ್ಟ್ರು ಒಳಗೇ ನಿಂತಿದ್ದಾರೆ.

"ಸಾರ್, ಹೊರಗೆ ಬನ್ನಿ!"

"ಯಾಕೋ? ಎಂತ ಆಯ್ತು? ಗುಲಾಬಿಗೆ ತಲೆ ಸುತ್ತಿತಾ?"

ಉಳಿದ ಜೀವಮಾನದಲ್ಲಿ ನಾನು ಆ ಪ್ರಶ್ನೆಯನ್ನು ಮರೆಯಲಾರೆ. ಕಲ್ಲು ಕೂಡ ಕೆಮ್ಮಬೇಕಾದ ಜಾಗದಲ್ಲಿ ನಿಂತು ಆ ಮನುಷ್ಯ ಯಾಕೆಂದು ಕೇಳುತ್ತಿದ್ದರು. ಮತ್ತೆ ಒಳಗೆ ನುಗ್ಗಿ ಅವರ ಶರಟಿನ ಕಾಲರು ಹಿಡಿದು ಹೊರಗೆಳೆದೆ. ಅವರ ಕೈಕೆಳಗೆ ದುಡಿದ ಅಷ್ಟೂ ವರ್ಷಗಳಲ್ಲಿ ಅವರ ಮೈ ಮುಟ್ಟಿದವನಲ್ಲ ನಾನು.

ಹೊರಗೆ ಬಂದ ಮೇಲೆ ಅವರಿಗೂ ಕೆಮ್ಮು ಹತ್ತಿತು. ಗುಲಾಬಿಯನ್ನು ನೋಡಿದರು. ಡ್ರಮ್ಮಿನ ಕಡೆ ನೋಡಿದರು.

"ಕಪ್ಪು ಬಂತಲ್ಲ. ಸಲ್ಫೈಡ್ ಅದು. ವಾಸನೆ ಇತ್ತಾ?"

"ಇತ್ತಾ ಅಂತ ನಮ್ಮನ್ನ ಕೇಳ್ತೀರಾ ಸಾರ್?"

ಗುಲಾಬಿಯನ್ನು ಜೀಪಿಗೆ ಹಾಕಿಕೊಂಡು ಕಳಸಕ್ಕೆ ಹೊರಟೆವು. ದಾರಿಯುದ್ದಕ್ಕೂ ಅವಳ ತಲೆ ಅವರ ತೊಡೆಯ ಮೇಲಿತ್ತು. "ಗುಲಾಬೀ, ಉಸಿರು ಎಳಿಯೇ, ಎಳಿ" ಎಂದು ಒಂದೇ ಸಮನೆ ಹೇಳುತ್ತಿದ್ದರು. ಹೊರನಾಡಿನ ಕಡೆಯಿಂದ ಬರುವ ಬಸ್ಸು ಎದುರಾಗಿ ತಿರುವಿನಲ್ಲಿ ನಿಲ್ಲಬೇಕಾದಾಗ, ಆ ಸೌಮ್ಯ ಮನುಷ್ಯ ಬಸ್ಸಿನ ಡ್ರೈವರಿಗೆ ಬೈದ ಬೈಗುಳ ಕೇಳಿ ಸುಂದರ ನನ್ನ ಮುಖ ನೋಡಿದ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಡಾಕ್ಟರು ಹೊರಬಂದು ಹೇಳುವವರೆಗೆ ನಾವು ಬೆಂಚಿನ ಮೇಲೆ ಕೂತಿದ್ದೆವು. ಸುಂದರ ಗುಲಾಬಿಯ ಗಂಡನಿಗೆ ಫೋನು ಮಾಡಲು ರಸ್ತೆಗೆ ಹೋಗಿದ್ದ. ಆಗ ಮೇಷ್ಟ್ರು ನೆಲ ನೋಡುತ್ತಾ ಹೇಳಿದರು.

"ನನಗೆ ವಾಸನೆ ಇಲ್ಲ ಮಾರಾಯ."

"ಈಗ ಹೋಯ್ತಾ ಸಾರ್? ಈ ಹೊಗೆಗೆ?"

"ಅಲ್ಲ. ಗಣಿಯಲ್ಲಿ ಒಂದ್ಸಲ ಯಾರೋ ಆಸಿಡ್ ವಾಲ್ವ್ ತೆರೆದಿಟ್ಟು ಗ್ಯಾಸ್ ಎದ್ದಿತ್ತಲ್ಲ, ನಾನು ಮೆಟ್ಟಿಲ ಮೇಲೆ ಬಿದ್ದಿದ್ದೆನಲ್ಲ. ಅವತ್ತಿಂದ."

ನಾನು ಲೆಕ್ಕ ಹಾಕಿದೆ. ಅವರು ಬಿದ್ದು ಆಸ್ಪತ್ರೆ ಸೇರಿದ ವರ್ಷ ನನ್ನ ಮಗಳು ಒಂದನೇ ತರಗತಿಗೆ ಸೇರಿದ್ದಳು. ಅವರು ನಿವೃತ್ತರಾಗುವಾಗ ಅವಳು ಕಾಲೇಜಿನಲ್ಲಿದ್ದಳು. ಅಷ್ಟೂ ವರ್ಷ ದಿನಕ್ಕೆರಡು ಸಲ ಆ ಮುಚ್ಚಳ ಎತ್ತಿ ಮೂಸಿ ಹೇಳಿದ ಮಾತಿನ ಮೇಲೆ ಹುಡುಗರು ಒಳಗಿಳಿದಿದ್ದಾರೆ. ನಾನು ಇಳಿದಿದ್ದೇನೆ.

"ಹಾಗಾದ್ರೆ ಸರಿ ಉಂಟು, ನಡೀಲಿ ಅಂತಿದ್ದದ್ದು ಯಾರ ಮೂಗು ಸಾರ್?"

"ನಿಮ್ಮದೇ. ನಾನು ಮೂಸಿ ತಿರುಗಿ ನಿಮ್ಮ ಮುಖ ನೋಡ್ತಿದ್ದೆ. ಜಾಸ್ತಿ ಆದಾಗ ನಿನ್ನ ಬಲಗಣ್ಣು ಸಣ್ಣ ಆಗ್ತಿತ್ತು. ಆ ಕ್ರೇನ್ ಹುಡುಗ ತುಟಿ ಒಳಗೆ ಎಳ್ಕೊಳ್ತಿದ್ದ. ನಿಮಗೇ ಗೊತ್ತಿರ್ಲಿಲ್ಲ. ನಾನು ಅದನ್ನ ನೋಡಿ ಹೇಳ್ತಿದ್ದೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸ್ಟೋರ್ಸಿಗೆ ಹಾಕ್ತಿದ್ರು. ಬೋಲ್ಟು ನಟ್ಟು ಎಣಿಸ್ಕೊಂಡು ಕೂರ್ಬೇಕಿತ್ತು. ನೊರೆ ಬಿಟ್ಟು ನಾನು ಎಂತ ಮಾಡ್ಲಿ? ಡಾಕ್ಟರು ವಾಸನೆ ಬರಬಹುದು, ಕಾಯಿರಿ ಅಂದಿದ್ರು. ಕಾದೆ. ಆಮೇಲೆ ಹೇಳೋ ಹೊತ್ತು ಮೀರಿಹೋಯ್ತು."

"ಇವತ್ತು?"

"ಇವತ್ತು ನಿಮ್ಮ ಮುಖ ಎಲ್ಲಿತ್ತು? ಬೈರಾಸು ಇತ್ತು. ಮೂರು ಜೊತೆ ಕಣ್ಣೂ ಸುಮ್ಮನಿದ್ವು. ಅದಕ್ಕೇ ಏನಿಲ್ಲ ಅಂದೆ."

ನನಗೆ ಸಿಟ್ಟು ಬಂತು. ಹಿರಿಯರ ಮೇಲೆ ಬರಬಾರದಷ್ಟು ಬಂತು. "ಒಳಗೆ ಮಲಗಿರೋದು ಮೂರು ಮಕ್ಕಳ ತಾಯಿ ಸಾರ್" ಎಂದೆ. ಅವರು ತಲೆಯಾಡಿಸಿದರು. ಸಮಾಧಾನದ ಮಾತು ನನ್ನಲ್ಲಿರಲಿಲ್ಲ. ಅವರು ಕೇಳಲೂ ಇಲ್ಲ.

ಡಾಕ್ಟರು ಹೊರಬಂದು, ಅಪಾಯವಿಲ್ಲ, ರಾತ್ರಿ ಇಲ್ಲೇ ಇರಲಿ ಎಂದರು. ಮೇಷ್ಟ್ರು ಎದ್ದು ಬೈರಾಸಿನಲ್ಲಿ ಮುಖ ಒರೆಸಿಕೊಂಡರು. ಗುಲಾಬಿಯ ಗಂಡನೂ ಸುಂದರನೂ ಬರುವ ತನಕ ಕಾದು, ಎಲ್ಲರನ್ನೂ ಕರೆದುಕೊಂಡೇ ಒಳಗೆ ಹೋದರು. ಮಂಚದ ಪಕ್ಕ ನಿಂತು, ಸೋಮವಾರದ ಬೆಳಗಿನ ಅದೇ ದನಿಯಲ್ಲಿ, ನನಗೆ ಹೇಳಿದ್ದನ್ನು ಒಂದನ್ನೂ ಬಿಡದೆ ಹೇಳಿದರು. "ನನಗೆ ವಾಸನೆ ತಿಳಿಯೋದಿಲ್ಲ. ತಿಳೀತದೆ ಅಂತ ನಾಟಕ ಮಾಡಿದೆ. ಅದರಿಂದ ನಿನಗೆ ಹೀಗಾಯ್ತು. ತಪ್ಪು ನಂದು."

ಗುಲಾಬಿಯ ಗಂಡ ನನ್ನನ್ನು ನೋಡಿದ. ಗುಲಾಬಿ ಮುಖದ ಮೇಲಿನ ಕೊಳವೆಯನ್ನು ಒಂದಿಷ್ಟು ಸರಿಸಿದಳು.

"ನಂಗೆ ವಾಸನೆ ಬಂದಿತ್ತು ಮೇಷ್ಟ್ರೇ. ಮುಚ್ಚಳ ತೆಗ್ದಾಗ್ಲೇ ಬಂತು. ನೀವು ಮೂಸಿ ಏನಿಲ್ಲ ಅಂದ್ರಲ್ಲ. ಅಷ್ಟು ಓದಿದೋರು. ನನ್ನ ಮೂಗೇ ಹಾಳಾಗಿದೆ ಅಂದ್ಕೊಂಡೆ."

"ನಂಗೂ ಬಂದಿತ್ತು" ಎಂದ ಸುಂದರ ಮೆಲ್ಲಗೆ. "ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ನನಗೂ ಬಂದಿತ್ತು. ಮೊದಲ ಮಳೆಗೆ ಪಲ್ಪರ್ ಗುಂಡಿ ನಾರುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಜೀವಮಾನವೆಲ್ಲ ಆ ಅನಿಲದ ಪಕ್ಕ ದುಡಿದವನು ನಾನು. ಮೂರು ಮೂಗು ಸರಿಯಿದ್ದವು. ಮೂರೂ ಕೆಟ್ಟುಹೋದ ಒಂದು ಮೂಗಿನ ಮಾತು ಕೇಳಿದ್ದವು. ಅವರ ಸುಳ್ಳಿಗಿಂತ ಇದು ನನ್ನನ್ನು ಹೆಚ್ಚು ಬೆಚ್ಚಿಸಿತು.

ಮೇಷ್ಟ್ರು ಗುಲಾಬಿಯ ಗಂಡನಿಗೆ, "ನೀನು ಇಲ್ಲೇ ಇರು ಮಾರಾಯ. ಊಟ ನಮ್ಮನೆಯಿಂದ ಬರ್ತದೆ" ಎಂದರು. ಅವನು, "ಅದೆಲ್ಲ ಇರ್ಲಿ ಮೇಷ್ಟ್ರೇ. ನಾಳೆಯಿಂದ ಇವಳನ್ನ ಔಷಧಿ ಕೆಲಸಕ್ಕೆ ಕರೀಬೇಡಿ" ಎಂದ. "ಕರೆಯೋದಿಲ್ಲ" ಎಂದರು.

ಡ್ರಮ್ಮು ಹಾಗೇ ಇತ್ತು. ಅದನ್ನು ಹಾಗೇ ಬಿಡುವಂತಿರಲಿಲ್ಲ. ದನ, ನಾಯಿ, ಮಕ್ಕಳು ತಿರುಗಾಡುವ ಜಾಗ. ಮಧ್ಯಾಹ್ನ ತಿರುಗಿ ಬಂದೆವು. ಮಳೆ ನಿಂತಿತ್ತು. ಶೆಡ್ಡಿನ ಎರಡೂ ಕಡೆಯ ಶಟರ್ ಪೂರ್ತಿ ಎತ್ತಿ, ಗಾಳಿ ಆಡಲು ಬಿಟ್ಟು, ದೂರ ಕೂತೆವು. ಆಮೇಲೆ ಗಾಳಿ ಬರುವ ಕಡೆಯಿಂದ ಹೋಗಿ, ಉದ್ದ ಹಿಡಿಯ ಮಗ್ಗಿನಲ್ಲಿ ಸುಣ್ಣದ ನೀರನ್ನು ಸ್ವಲ್ಪ ಸ್ವಲ್ಪವೇ ಡ್ರಮ್ಮಿಗೆ ಹಾಕತೊಡಗಿದೆವು. ಹುಳಿ ಸತ್ತರೆ ಅನಿಲ ಏಳುವುದು ನಿಲ್ಲುತ್ತದೆ. ಎಷ್ಟು ಸುಣ್ಣ ಸಾಕೆಂದು ಹೇಳಬೇಕಾದದ್ದು ಮತ್ತೆ ಮೂಗೇ.

ಮೇಷ್ಟ್ರು ಹತ್ತಿರ ಬರಲಿಲ್ಲ. ಕಣದ ಅಂಚಿನಲ್ಲಿ ನಿಂತು ಹೇಳಿದರು.

"ಮೂಗು ಬೇಗ ದಣೀತದೆ. ಒಬ್ಬರೇ ನೋಡ್ಬೇಡಿ. ಗೇಟಿನ ತನಕ ನಡೆದು ಹೋಗಿ, ಒಳ್ಳೆ ಗಾಳಿ ಕುಡಿದು ಬಂದು ನೋಡಿ. ಒಬ್ಬರಾದ ಮೇಲೆ ಒಬ್ಬರು."

ಸುಂದರ ಗೇಟಿಗೆ ಹೋಗಿ ಬಂದ. ದೂರದಿಂದಲೇ ಒಂದು ಉಸಿರೆಳೆದು ನಿಂತ. ಮೇಷ್ಟ್ರು ಅವನ ಕಡೆ ನೋಡಿದರು. ನೋಡಿದವರು ತಟ್ಟನೆ ನಮಗೆ ಬೆನ್ನು ಹಾಕಿ ಭದ್ರಾ ಹೊಳೆಯ ಕಡೆ ತಿರುಗಿ ನಿಂತರು.

"ನಾನು ಮುಖ ನೋಡೋದಿಲ್ಲ. ಬಾಯಿಬಿಟ್ಟು ಹೇಳಿ."

"ಇನ್ನೂ ಉಂಟು ಮೇಷ್ಟ್ರೇ."

"ಇನ್ನೊಂದು ಮಗ್ಗು ಹಾಕು."

ನಾನು ಹೋಗಿ ಬಂದೆ. "ಇದೆ ಸಾರ್. ಕಮ್ಮಿಯಾಗಿದೆ."

"ಕಮ್ಮಿ ಲೆಕ್ಕಕ್ಕಿಲ್ಲ. ಹಾಕು."

ಹೀಗೇ ಹಾಕುತ್ತಾ, ಗೇಟಿಗೆ ಹೋಗಿ ಬರುತ್ತಾ ಸಂಜೆಯಾಯಿತು. ಕಪ್ಪು ಕೆಸರು ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತು. ಸುಂದರ ಇಲ್ಲ ಎಂದ. ನಾನು ಗೇಟಿನಾಚೆ ರಸ್ತೆಯವರೆಗೂ ಹೋಗಿ, ನಿಂತು, ಬಂದೆ. ಬೈರಾಸು ಬಿಚ್ಚಿ ಡ್ರಮ್ಮಿನ ಪಕ್ಕಕ್ಕೇ ಹೋಗಿ ನೋಡಿದೆ. ಒದ್ದೆ ಸುಣ್ಣದ ವಾಸನೆ, ಅಷ್ಟೆ.

"ಇಲ್ಲ ಸಾರ್."

"ಸುಂದರ ಇಲ್ಲ ಅಂದ ಅಂತ ಹೇಳ್ತಿದೀಯೋ, ನೀನೇ ನೋಡಿ ಹೇಳ್ತಿದೀಯೋ?"

"ನಾನೇ ನೋಡಿ."

ಅವರು ಆಮೇಲೆ ತಿರುಗಿದರು. ಮೂವರೂ ಸೇರಿ ಡ್ರಮ್ಮಿಗೆ ಮುಚ್ಚಳ ಬಿಗಿದು, ಮೇಲೆ ಕಲ್ಲು ಹೇರಿದೆವು. ಸುಂದರ ಶಟರ್ ಎಳೆದು ಬೀಗ ಹಾಕಿದ.